ಬಿಳಿ ಬಟ್ಟಲಿನ ಮೂರು ಗೆರೆ

ಘನವಸ್ತುಗಳಿಗೆ ಅವಸರವೆಂಬುದೇ ಇಲ್ಲ. ಸಕ್ಕರೆ ನೀರಿಗೆ ಬಿದ್ದರೆ ಕಣ್ಣೆದುರೇ ಕರಗಿ ಕಾಣೆಯಾಗುತ್ತದೆ. ಎರಡು ಒಣ ಬಿಳಿ ಪುಡಿಗಳು ಹಾಗಲ್ಲ. ಅವನ್ನು ಕಲಸಿ ಅರೆದು, ಯಂತ್ರದಲ್ಲಿ ಒತ್ತಿ, ಮಾತ್ರೆಯಷ್ಟು ದೊಡ್ಡ ಬಿಲ್ಲೆ ಮಾಡಿ, ಸಾವಿರ ಡಿಗ್ರಿ ದಾಟಿದ ಕುಲುಮೆಯಲ್ಲಿ ಕೂರಿಸಿದರೂ ಬಸ್ಸಿನಲ್ಲಿ ಅಕ್ಕಪಕ್ಕ ಸಿಕ್ಕ ಅಪರಿಚಿತರ ಹಾಗೆ ಬಹಳ ಹೊತ್ತು ಸುಮ್ಮನಿರುತ್ತವೆ. ಒಂದಕ್ಕೊಂದು ತಾಗಿದ ಕಡೆ ಮಾತ್ರ ಏನೋ ಮೆಲ್ಲಗೆ ಸರಿಯಲು ಶುರುವಾಗುತ್ತದೆ. ಆ ಸರಿದಾಟ ಕಣ್ಣಿಗೆ ಕಾಣುವುದಿಲ್ಲ. ಕುಲುಮೆಯ ಬಾಗಿಲಿನ ಪುಟ್ಟ ಕಿಂಡಿಯಲ್ಲಿ ಇಣುಕಿದರೆ ಒಳಗೆಲ್ಲ ಒಂದೇ ಬಣ್ಣ, ಹಣ್ಣಾದ ಕಿತ್ತಳೆಯ ಬಣ್ಣ. ಬಿಲ್ಲೆ ಯಾವುದು, ಬಟ್ಟಲು ಯಾವುದು, ಗೋಡೆ ಯಾವುದು ಎಂದು ತಿಳಿಯುವುದಿಲ್ಲ.

ಆ ಬಣ್ಣವನ್ನು ನೋಡುತ್ತ ನಾನು ನಾಲ್ಕು ವರ್ಷ ಕಳೆದೆ. ಈಗಲೂ ಮಧ್ಯಾಹ್ನ ಊಟವಾದ ಮೇಲೆ ಕಣ್ಣು ಎಳೆದರೆ ರೆಪ್ಪೆಯ ಒಳಗೆ ಬರುವುದು ಅದೇ ಬಣ್ಣ.

ಯಲಹಂಕ ದಾಟಿದ ಮೇಲೆ ಸಿಗುವ ಒಂದು ಕಾಲೇಜಿನ ಹಿಂಭಾಗದಲ್ಲಿ, ನೀಲಗಿರಿ ಮರಗಳ ಸಾಲಿನ ಪಕ್ಕ, ಶೀಟಿನ ಮಾಡಿನ ಉದ್ದನೆಯ ಕೋಣೆ. ಅದೇ ನಮ್ಮ ಕುಲುಮೆಮನೆ. ಪಿಯುಸಿ ಮಕ್ಕಳಿಗೆ ಹದಿನೈದು ವರ್ಷ ರಸಾಯನಶಾಸ್ತ್ರ ಪಾಠ ಹೇಳಿ, ನಲವತ್ತಕ್ಕೆ ಕಾಲಿಟ್ಟ ಮೇಲೆ ರಜೆ ಹಾಕಿ ಪಿಎಚ್‌ಡಿಗೆ ಸೇರಿದವಳು ನಾನು. ಆರ್.ಟಿ. ನಗರದ ಮನೆಯಲ್ಲಿ ಎಲ್ಲರೂ ಒಳ್ಳೆಯದು ಎಂದರು. ಒಳಗೊಳಗೆ ಈ ವಯಸ್ಸಿನಲ್ಲಿ ಇವಳಿಗೇಕೆ ಇದು ಎಂದುಕೊಂಡರು. ನಾನೂ ಹಾಗೆಯೇ ಅಂದುಕೊಂಡಿದ್ದೆ, ಆದರೆ ಸೇರಿಬಿಟ್ಟಿದ್ದೆನಲ್ಲ.

ಕೆಲಸ ಕೇಳಲು ಬಹಳ ಸುಲಭ. ಬೇರಿಯಂ ಕಾರ್ಬೊನೇಟ್ ಎಂಬ ಬಿಳಿ ಪುಡಿಯನ್ನು ಅಲ್ಯುಮಿನಾ ಎಂಬ ಸೆರಾಮಿಕ್ ಪುಡಿಯ ಜೊತೆ ಬಿಲ್ಲೆ ಮಾಡಿ, ಪುಟ್ಟ ಬಿಳಿ ಬಟ್ಟಲಲ್ಲಿಟ್ಟು ಕಾಯಿಸಬೇಕು. ಎರಡೂ ಕೂಡಿಕೊಳ್ಳುವಾಗ ಕಾರ್ಬೊನೇಟು ತನ್ನೊಳಗಿನ ಅನಿಲವನ್ನು ಬಿಟ್ಟುಕೊಡುತ್ತದೆ, ಬಿಲ್ಲೆ ಅಷ್ಟು ಹಗುರವಾಗುತ್ತದೆ. ಗಂಟೆಗೊಂದು ಬಿಲ್ಲೆ ತೆಗೆದು ತೂಗಿದರೆ ಅವು ಎಷ್ಟು ಬೇಗ ಕೂಡಿಕೊಳ್ಳುತ್ತಿವೆ ಎಂಬ ಲೆಕ್ಕ ಸಿಕ್ಕಿತು. ಬೆಳಿಗ್ಗೆ ಒಂದು ಸರದಿ, ಮಧ್ಯಾಹ್ನ ಒಂದು ಸರದಿ. ನಡುವೆ ಕಾಯುವುದು. ಕಾಯುವುದಕ್ಕೆ ಯಾರೂ ಡಿಗ್ರಿ ಕೊಡುವುದಿಲ್ಲ, ಆದರೆ ಆ ನಾಲ್ಕು ವರ್ಷಗಳಲ್ಲಿ ನಾನು ನಿಜವಾಗಿ ಕಲಿತದ್ದು ಅದೊಂದನ್ನೇ.

ಮೊದಲ ತಿಂಗಳು ಅದೂ ಬರುತ್ತಿರಲಿಲ್ಲ. ಅವಸರಕ್ಕೆ ಬಿದ್ದು ಬಿಲ್ಲೆಗಳನ್ನು ಸರಕ್ಕನೆ ಹೊರಗೆಳೆಯುತ್ತಿದ್ದೆ. ತಣ್ಣನೆ ಗಾಳಿ ತಾಗಿದ ಕೂಡಲೇ ಅವು ಟಿಕ್ಕೆಂದು ಸೀಳಿಹೋಗುತ್ತಿದ್ದವು. ಒಂದು ದಿನ ಒಂದರ ಮೇಲೊಂದು ಆರು ಬಿಲ್ಲೆ ಒಡೆದವು. ಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು ವಿದ್ಯಾರ್ಥಿಗಳು, ನನ್ನ ಪಾಠ ಕೇಳಬಹುದಾಗಿದ್ದ ವಯಸ್ಸಿನವರು, ಮುಖ ಮುಖ ನೋಡಿಕೊಂಡರು. ನಾನು ಗ್ಯಾಸ್ ಸಿಲಿಂಡರುಗಳ ಹಿಂದೆ ಹೋಗಿ, ಗೋಡೆಗೆ ಮುಖ ಮಾಡಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತೆ. ಯಾರೂ ನೋಡಲಿಲ್ಲವೆಂಬ ಸಮಾಧಾನವಿತ್ತು.

ಮರುದಿನದಿಂದ ಕುಲುಮೆ ನೋಡಿಕೊಳ್ಳುವ ಅಜ್ಜ ನನಗೆ ಬಿಲ್ಲೆ ತೆಗೆಯುವುದನ್ನು ಹೇಳಿಕೊಟ್ಟರು. ಬಾಗಿಲನ್ನು ಒಂದು ಬೆರಳಷ್ಟು ತೆರೆದು ನಿಲ್ಲಬೇಕು. ಆಮೇಲೆ ಎರಡು ಬೆರಳಷ್ಟು. ಇಕ್ಕಳವನ್ನೂ ಮೊದಲು ಬಾಗಿಲ ಹತ್ತಿರ ಹಿಡಿದು ಬಿಸಿ ಮಾಡಿಕೊಳ್ಳಬೇಕು.

"ಒಲಿ ಮುಂದ ಗಡಬಡಿ ಮಾಡಬಾರ್ದ್ರಿ ಮೇಡಮ್ಮಾರ. ಅದಕ್ಕ ನಾವು ಬಂದದ್ದು ಗೊತ್ತಾಗ್ಬೇಕು, ಆಮ್ಯಾಲ ಕೈ ಹಾಕಬೇಕು" ಅಂದಿದ್ದರು.

ಲಕ್ಷಗಟ್ಟಲೆ ಬೆಲೆಯ, ಪರದೇಶದಿಂದ ಬಂದ ಕುಲುಮೆಯನ್ನು ಅವರು ಒಲಿ ಅಂತಲೇ ಕರೆಯುತ್ತಿದ್ದರು. ಬಾಗಲಕೋಟೆಯ ಕಡೆಯಿಂದ ಹಂಚಿನ ಕಾರ್ಖಾನೆಯೊಂದರ ಭಟ್ಟಿ ಕೆಲಸಕ್ಕೆಂದು ಯಶವಂತಪುರಕ್ಕೆ ಬಂದು, ಅದು ಮುಚ್ಚಿದ ಮೇಲೆ ಕಾಲೇಜಿಗೆ ಸೇರಿದವರು. ನಿವೃತ್ತಿಯಾಗಿ ವರ್ಷಗಳಾಗಿದ್ದರೂ ನನ್ನ ಗೈಡ್ ಅವರನ್ನು ಬಿಟ್ಟುಕೊಟ್ಟಿರಲಿಲ್ಲ. ಬಿಳಿ ಅಂಗಿ, ಬಿಳಿ ಟೋಪಿ, ಹಣೆಯ ತುಂಬ ಮೂರು ಬೆರಳಿನ ವಿಭೂತಿ. ಕಿಂಡಿಯಲ್ಲಿ ಒಮ್ಮೆ ನೋಡಿ "ಸಾವಿರದ ಐವತ್ತು ಇರಬೇಕ್ರಿ" ಅನ್ನುತ್ತಿದ್ದರು. ಮೀಟರು ಅದಕ್ಕೆ ಐದು ಡಿಗ್ರಿ ಹೆಚ್ಚುಕಮ್ಮಿ ತೋರಿಸುತ್ತಿತ್ತು. ಅವರಿಗೆ ಹೆಂಡತಿ ಇರಲಿಲ್ಲ, ಮಗಳು ಮದುವೆಯಾಗಿ ದೂರವಿದ್ದಳು. ಹುಣಸಮಾರನಹಳ್ಳಿಯ ಒಂದು ಕೋಣೆಯಿಂದ ಬೆಳಿಗ್ಗೆ ಏಳಕ್ಕೆಲ್ಲ ಬಂದು ಕುಲುಮೆ ಹಚ್ಚುವುದೇ ಅವರ ದಿನ. ಅದಿಲ್ಲದಿದ್ದರೆ ಅವರು ಏನು ಮಾಡುತ್ತಾರೆಂದು ಊಹಿಸುವುದೂ ಕಷ್ಟವಾಗಿತ್ತು.

ಎರಡನೇ ವರ್ಷದ ಹೊತ್ತಿಗೆ ನನ್ನ ಲೆಕ್ಕದಲ್ಲಿ ಒಂದು ವಿಚಿತ್ರ ಕಾಣಿಸಿತು. ಬೆಳಗಿನ ಸರದಿಯ ಬಿಲ್ಲೆಗಳು ಚುರುಕಾಗಿದ್ದವು. ಮಧ್ಯಾಹ್ನದವು ಮಂದ. ಅದೇ ಪುಡಿ, ಅದೇ ಬಿಸಿ, ಅದೇ ಹೊತ್ತು. ಬೆಳಗಿನವು ಎರಡು ಗಂಟೆಯಲ್ಲಿ ಮುಗಿಸಿದ್ದನ್ನು ಮಧ್ಯಾಹ್ನದವು ನಾಲ್ಕು ಗಂಟೆಯಲ್ಲಿ ಮುಗಿಸುತ್ತಿದ್ದವು. ಮಧ್ಯಾಹ್ನ ಊಟ ಮಾಡಿ ನನಗೆ ತೂಕಡಿಕೆ ಬರುವ ಹಾಗೆ ಇವಕ್ಕೂ ಬರುತ್ತದೇನೋ ಎಂದು ನಗುತ್ತಿದ್ದೆ. ನಗು ನಿಂತ ಮೇಲೆ ಕರೆಂಟನ್ನು ಪರೀಕ್ಷಿಸಿದೆ, ಬಿಸಿ ಅಳೆಯುವ ತಂತಿಯನ್ನು ಬದಲಾಯಿಸಿದೆ, ತಕ್ಕಡಿಯ ಕೋಣೆಯ ಕಿಟಕಿ ಮುಚ್ಚಿಸಿದೆ. ಏನೂ ಬದಲಾಗಲಿಲ್ಲ. ಪಕ್ಕದ ಇಬ್ಬರು ವಿದ್ಯಾರ್ಥಿಗಳು ಅದೇ ಕುಲುಮೆಯಲ್ಲಿ ತಮ್ಮ ಬಿಲ್ಲೆ ಇಡುತ್ತಿದ್ದರು. ಅವರಿಗೆ ಬೆಳಿಗ್ಗೆಯೂ ಒಂದೇ, ಮಧ್ಯಾಹ್ನವೂ ಒಂದೇ.

ಗೈಡ್ ಬೆಳಗಿನ ಅಂಕಿಗಳನ್ನು ನೋಡಿ ಕುರ್ಚಿಯಿಂದ ಎದ್ದು ನಿಂತರು.

"ಇಷ್ಟ್ ಫಾಸ್ಟಾ? ಯಾರೂ ಇಷ್ಟು ರಿಪೋರ್ಟ್ ಮಾಡಿಲ್ಲ ಕಣಮ್ಮ. ನಿಮ್ಮ ಗ್ರೈಂಡಿಂಗ್ ಚೆನ್ನಾಗಿದೆ, ಅದಕ್ಕೇ. ಮಧ್ಯಾಹ್ನದ್ದು ಏನೋ ಎಡವಟ್ಟಾಗ್ತಿದೆ, ಅದನ್ನ ಬಿಡಿ. ಇದೇ ನಿಮ್ಮ ಥೀಸಿಸ್."

ನಾನು ಬಿಟ್ಟೆ. ಇಲ್ಲಿ ಸುಳ್ಳು ಹೇಳಿ ಪ್ರಯೋಜನವಿಲ್ಲ, ಬಹಳ ಸಂತೋಷದಿಂದಲೇ ಬಿಟ್ಟೆ. ನಲವತ್ತು ದಾಟಿದವಳ ಅರೆಯುವ ಕೈ ಯಾರಿಗೂ ಇಲ್ಲದ ಕೈ ಎಂದು ನಂಬುವುದು ಎಷ್ಟು ಹಿತವಾಗಿತ್ತು! ಸಂಜೆ ಬಸ್ಸು ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಅರ್ಧ ಗಂಟೆ ನಿಂತರೂ ನನಗೆ ಬೇಸರವಿರಲಿಲ್ಲ. ಕೆಳಗೆ ಕೆರೆಯ ಮೇಲೆ ಬಿಳಿ ಹಕ್ಕಿಗಳು ಕೂತಿರುತ್ತಿದ್ದವು, ಮೇಲೆ ವಿಮಾನವೊಂದು ಸದ್ದಿಲ್ಲದಂತೆ ಇಳಿಯುತ್ತಿರುತ್ತಿತ್ತು. ಸುತ್ತ ನಿಂತ ಸಾವಿರ ಗಾಡಿಗಳ ಕೆಂಪು ದೀಪಗಳ ನಡುವೆ ನಾನು ಬೆಚ್ಚಗೆ, ಅರೆನಿದ್ದೆಯಲ್ಲಿ, ಡಾಕ್ಟರ್ ಎಂದು ಕರೆಸಿಕೊಳ್ಳುತ್ತಿದ್ದೆ.

ಆ ಕನಸು ಒಂದು ಎರಡನೇ ಶನಿವಾರ ಮುಗಿಯಿತು. ರಜೆಯ ದಿನವಾದ್ದರಿಂದ ಹೆಬ್ಬಾಳದಲ್ಲಿ ಗಾಡಿಗಳಿರಲಿಲ್ಲ. ನಾನು ಎಂದಿಗಿಂತ ಒಂದು ಗಂಟೆ ಮೊದಲೇ ಕುಲುಮೆಮನೆ ತಲುಪಿದೆ. ನೀಲಗಿರಿ ಮರಗಳ ನಡುವಿನಿಂದ ಬಿಸಿಲು ಓರೆಯಾಗಿ ಒಳಗೆ ಬಿದ್ದಿತ್ತು. ಅಜ್ಜ ನನಗೆ ಬೆನ್ನು ಮಾಡಿ ನಿಂತಿದ್ದರು. ಅಂಗೈಯಲ್ಲಿ ವಿಭೂತಿ ಗಟ್ಟಿ. ನೀರು ಮುಟ್ಟಿಸಿಕೊಂಡು ಮೂರು ಬೆರಳಿನಿಂದ ತಿಕ್ಕಿ ಹಣೆಗೆ ಎಳೆದುಕೊಂಡರು. ಕುಲುಮೆಯ ಬಾಗಿಲಿಗೆ ಎಳೆದರು. ನಾನು ಆ ಹೊತ್ತಿನ ನಿಶ್ಶಬ್ದಕ್ಕೆ ಮರುಳಾಗಿ ಬಾಗಿಲಲ್ಲೇ ನಿಂತಿದ್ದೆ. ಆಮೇಲೆ ಅವರು ಬೆರಳಲ್ಲಿ ಉಳಿದದ್ದನ್ನು, ಮೇಜಿನ ಮೇಲೆ ಸಾಲಾಗಿ ಜೋಡಿಸಿದ್ದ ನನ್ನ ಬಿಳಿ ಬಟ್ಟಲುಗಳ ಒಳಗೆ, ಒಂದೊಂದಕ್ಕೂ ಮೂರು ಮೂರು ಗೆರೆಯಂತೆ ಎಳೆದರು. ಮುಗಿಸಿ ಕೈ ಮುಗಿದರು. ಹಸಿ ಆರಿತು. ಬಿಳಿಯ ಮೇಲೆ ಬಿಳಿ, ಏನೂ ಇಲ್ಲದಂತಾಯಿತು.

ನಾನು ಒಳಗೆ ಹೋಗದೆ ಬಾಗಿಲ ಮರೆಗೆ ಸರಿದೆ.

ಬೇರಿಯಂ ಕಾರ್ಬೊನೇಟು ಇಲಿ ಪಾಷಾಣ. ಹಾಗಾಗಿ ಬಿಲ್ಲೆಗಳನ್ನು ನಾನೇ ಕೈಗವಸು ಹಾಕಿ ಇಡುತ್ತಿದ್ದೆ, ಅವನ್ನು ಯಾರೂ ಮುಟ್ಟುತ್ತಿರಲಿಲ್ಲ. ಬಟ್ಟಲುಗಳ ಬಗ್ಗೆ ಯೋಚಿಸಿಯೇ ಇರಲಿಲ್ಲ. ದಿನವೂ ಹೊಸವನ್ನು ತೊಳೆದು ಒಣಗಿಸಿ ಬೆಳಿಗ್ಗೆ ಜೋಡಿಸಿಡುವುದು ಅಜ್ಜನ ಕೆಲಸ. ಮಧ್ಯಾಹ್ನದವನ್ನು ನಾನೇ ಪೆಟ್ಟಿಗೆಯಿಂದ ತೆಗೆದುಕೊಳ್ಳುತ್ತಿದ್ದೆ. ವಿಭೂತಿ ಎಂದರೆ ಸಗಣಿಯ ಬೂದಿ. ಬೂದಿಯಲ್ಲಿ ಕ್ಷಾರವಿರುತ್ತದೆ. ಚಿಟಿಕೆ ಕ್ಷಾರ ಸಾಕು, ಆ ಬಿಸಿಯಲ್ಲಿ ಕರಗಿ ಎರಡು ಪುಡಿಗಳ ನಡುವೆ ಹರಿದು, ಮೆಲ್ಲಗೆ ಸರಿಯಬೇಕಾದ್ದನ್ನು ಓಡಿಸಿಬಿಡುತ್ತದೆ. ಇದನ್ನು ನಾನೇ ಮಕ್ಕಳಿಗೆ ಗಾಜಿನ ಪಾಠದಲ್ಲಿ ಹೇಳಿಕೊಟ್ಟಿದ್ದೆ.

ಅಜ್ಜ ಚಹಾಕ್ಕೆ ಹೋದಾಗ, ಬಳಸಿದ ಬಟ್ಟಲುಗಳನ್ನು ತಳದಲ್ಲಿ ದಿನ, ಸರದಿ ಗೀಚಿ ತುಂಬಿಟ್ಟ ರಟ್ಟಿನ ಪೆಟ್ಟಿಗೆ ಬಗ್ಗಿಸಿದೆ. ಒಂದೊಂದನ್ನೂ ಬಿಸಿಲಿಗೆ ಹಿಡಿದು ತಿರುಗಿಸಿದೆ. ಬೆಳಗಿನ ಬಟ್ಟಲುಗಳಲ್ಲೆಲ್ಲ, ಪಿಂಗಾಣಿಯ ಹೊಳಪಿನಂತೆ, ಮೂರು ತೆಳ್ಳಗಿನ ಗೆರೆ. ಮಧ್ಯಾಹ್ನದವುಗಳಲ್ಲಿ ಇಲ್ಲ. ಆ ಹೊಳಪನ್ನು ನಾನು ಮೊದಲೂ ಕಂಡಿದ್ದೆ, ಬಟ್ಟಲು ಮಾಡಿದವರ ಯಂತ್ರದ ಗುರುತು ಎಂದುಕೊಂಡಿದ್ದೆ. ಕೊನೆಗೆ ಪಕ್ಕದ ವಿದ್ಯಾರ್ಥಿಗಳ ಪೆಟ್ಟಿಗೆಯನ್ನೂ ನೋಡಿದೆ. ಒಂದರಲ್ಲೂ ಗೆರೆಯಿರಲಿಲ್ಲ.

ಎರಡು ವರ್ಷದ ಕೆಲಸ ಹೋಯಿತೆಂದು ದುಃಖವಾಯಿತೇ? ಆಯಿತು. ಆದರೆ ಅದಕ್ಕಿಂತ ದೊಡ್ಡ ಭಯ ಬೇರೆ ಇತ್ತು. ನಮ್ಮ ಗೈಡ್ ಶುಚಿಯ ವಿಷಯದಲ್ಲಿ ಯಾರ ಮಾತೂ ಕೇಳುವವರಲ್ಲ. ಹಿಂದೆ ಒಬ್ಬ ಸಹಾಯಕ ತಕ್ಕಡಿಯ ಮೇಜಿನ ಮೇಲೆ ಊಟದ ಡಬ್ಬಿ ಇಟ್ಟನೆಂದು ಆ ವಾರವೇ ಅವನನ್ನು ಬೇರೆ ವಿಭಾಗಕ್ಕೆ ಅಟ್ಟಿದ್ದರು. ನಾನು ನಿಜ ಹೇಳಿದರೆ ಅಜ್ಜ ಕುಲುಮೆಯ ಮುಂದೆ ಇರುವುದಿಲ್ಲ. ಹೇಳದಿದ್ದರೆ ಸುಳ್ಳು ಅಂಕಿಗಳು ನನ್ನ ಹೆಸರಿನಲ್ಲಿ ಅಚ್ಚಾಗುತ್ತವೆ, ಅವನ್ನು ನಂಬಿ ಎಲ್ಲೋ ಯಾರೋ ಈ ಸೆರಾಮಿಕ್ಕಿನಿಂದ ಭಟ್ಟಿಯ ಗೋಡೆ ಕಟ್ಟುತ್ತಾರೆ.

ಸೋಮವಾರ ಬೆಳಿಗ್ಗೆ ಅಜ್ಜನಿಗೆ ಹೇಳಿದೆ, "ಅಜ್ಜಾರೇ, ಇವತ್ತಿಂದ ಬಟ್ಟಲು ನಾನೇ ಜೋಡಿಸ್ಕೊಳ್ತೀನಿ."

"ಯಾಕ್ರೀ? ನನ್ನಿಂದ ಏನರ ತಪ್ಪಾತೇನು?"

"ಅಯ್ಯೋ ಇಲ್ಲ, ಸುಮ್ನೆ. ನಿಮಗ್ಯಾಕೆ ತೊಂದ್ರೆ ಅಂತ."

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು, ಕಿಂಡಿಯಲ್ಲಿ ಕುಲುಮೆಯನ್ನು ನೋಡುವ ಹಾಗೆಯೇ. "ಆತ್ರಿ" ಎಂದು ಕೈ ಹಿಂದಕ್ಕೆ ಕಟ್ಟಿಕೊಂಡರು.

ಆ ವಾರವೆಲ್ಲ ನನಗೆ ನೀರಿನೊಳಗೆ ನಡೆದಂತಿತ್ತು. ಬೆಳಗಿನ ಬಿಲ್ಲೆಗಳು ಮಧ್ಯಾಹ್ನದವುಗಳಷ್ಟೇ ಮಂದವಾದವು. ಒಂದು ದಿನ, ಎರಡು ದಿನ, ಐದು ದಿನ. ಕಾಗದದ ಮೇಲೆ ಎರಡು ಬೇರೆ ಬೇರೆ ದಾರಿ ಹಿಡಿದಿದ್ದ ಗೆರೆಗಳು ಒಂದರ ಮೇಲೊಂದು ಮಲಗಿದವು. ಅಜ್ಜ ಕುಲುಮೆ ಹಚ್ಚಿ, ದೂರದ ಸ್ಟೂಲಿನ ಮೇಲೆ ಕೂತು, ನಾನು ತಕ್ಕಡಿಯ ಕೋಣೆಗೆ ಹೋಗಿ ಬರುವುದನ್ನು ನೋಡುತ್ತಿದ್ದರು. ಏನಾಯಿತೆಂದು ಕೇಳಲಿಲ್ಲ. ನಾನೂ ಹೇಳಲಿಲ್ಲ. ಹೇಳದಿರುವುದೇ ಅವರಿಗೆ ನಾನು ಮಾಡುತ್ತಿರುವ ಉಪಕಾರ ಎಂದು ನನ್ನನ್ನು ನಾನೇ ಮೆಚ್ಚಿಕೊಂಡಿದ್ದೆ. ಆ ಮೆಚ್ಚಿಕೆ ನೆನಪಾದರೆ ಇಂದಿಗೂ ನನಗೆ ನಾಚಿಕೆಯಾಗುತ್ತದೆ.

ಶನಿವಾರ ಗೈಡ್ ಮುಂದೆ ಹೋಗಿ ನಿಂತು, ಬಸ್ಸಿನಲ್ಲಿ ಹೊಂದಿಸಿಕೊಂಡಿದ್ದ ಸುಳ್ಳನ್ನು ಒಪ್ಪಿಸಿದೆ.

"ಸರ್, ಬೆಳಗಿನ ರೀಡಿಂಗ್ಸ್ ಎಲ್ಲಾ ತಪ್ಪು. ನಂದೇ ತಪ್ಪು. ದಿನಾ ಮನೆ ಮುಂದೆ ರಂಗೋಲಿ ಹಾಕಿ ಹಾಗೇ ಓಡಿ ಬರ್ತೀನಿ. ಕೈಯಲ್ಲಿ ಪುಡಿ ಉಳ್ಕೊಂಡು ಬಟ್ಟಲಿಗೆ ತಾಗಿದೆ ಅನ್ಸುತ್ತೆ."

ರಂಗೋಲಿ ಪುಡಿಯೂ ಕಾರ್ಬೊನೇಟಿನ ಕಲ್ಲಿನದೇ. ಸುಳ್ಳು ಚೆನ್ನಾಗಿಯೇ ಕೂರುತ್ತಿತ್ತು. ಗೈಡ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ರಂಗೋಲಿನಾ?" ಅಂದರು. ಡ್ರಾಯರು ಎಳೆದು, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿದ್ದ ಏನನ್ನೋ ನನ್ನ ಮುಂದಿಟ್ಟರು. ಬಿಚ್ಚಿದೆ. ವಿಭೂತಿ ಗಟ್ಟಿ.

"ನಿನ್ನೆ ಸಾಯಂಕಾಲ ಅಜ್ಜ ಬಂದಿದ್ರು. ಮೇಡಂ ಬಟ್ಟಲು ಮುಟ್ಟಬೇಡಿ ಅಂದ್ರು, ಅಂದಿನಿಂದ ಅವರ ಮುಖ ಬಾಡಿದೆ, ಲೆಕ್ಕ ಇಳಿದಿದೆ, ಇದು ನಾನು ಹಚ್ಚಿದ್ದರಿಂದಲೇ ಇರಬೇಕು ಅಂದ್ರು. ಇದನ್ನ ಕೊಟ್ಟು, ಇದನ್ನೂ ತೂಕ ಮಾಡಿ ಹಾಕಿ ನೋಡಲಿ, ಅವರ ಎರಡು ವರ್ಷ ದಂಡ ಆಗಬಾರದು ಅಂದ್ರು."

ನಾನು ಗಟ್ಟಿಯನ್ನು ಮತ್ತೆ ಪಂಚೆಯ ತುಂಡಿನಲ್ಲಿ ಸುತ್ತಿದೆ.

"ನಾನು ಹೋಗಿ ಅಂತ ಹೇಳಲಿಲ್ಲಮ್ಮ" ಎಂದರು ಗೈಡ್, ನಾನು ಕೇಳದಿದ್ದರೂ. "ಬಾಗಿಲಿಗೆ ಹಚ್ಚಿ, ಬಟ್ಟಲಿಗೆ ಬೇಡ ಅಂದೆ. ಅವರೇ, ಕೈ ತಾನಾಗಿ ಹೋಗ್ತದ್ರಿ, ಇನ್ನ ಈ ಕೈ ನಂಬಬ್ಯಾಡ್ರಿ ಅಂತ ಬೀಗದ ಕೈ ಇಟ್ಟು ಹೋದ್ರು."

ಕುಲುಮೆಮನೆಗೆ ಓಡಿದೆ. ಸ್ಟೂಲು ಖಾಲಿಯಿತ್ತು. ಇಕ್ಕಳಗಳನ್ನು ಉದ್ದದ ಕ್ರಮದಲ್ಲಿ ಮೊಳೆಗೆ ನೇತುಹಾಕಿದ್ದರು.

ಹುಣಸಮಾರನಹಳ್ಳಿ ಅಲ್ಲಿಂದ ಬಸ್ಸಿನಲ್ಲಿ ಹೆಚ್ಚು ದೂರವಲ್ಲ. ಆದರೂ ನಾನು ಹೋಗಲಿಲ್ಲ. ನಾಳೆ, ಈ ವಾರ, ಈ ಸರದಿ ಮುಗಿಯಲಿ ಎಂದುಕೊಳ್ಳುತ್ತ ಒಂದೂವರೆ ವರ್ಷ ಹೋಗಲಿಲ್ಲ. ಹೇಗೆ ಮುಖ ತೋರಿಸುವುದು? ಅವರಿಗೆ ಗೊತ್ತಾಗಬಾರದೆಂದು ನಾನು ಮುಚ್ಚಿಟ್ಟದ್ದನ್ನು ಅವರು ದೂರದ ಸ್ಟೂಲಿನಿಂದಲೇ ಓದಿಕೊಂಡಿದ್ದರು. ನನ್ನ ಸುಳ್ಳಿಗೆ ಒಂದು ದಿನ ಮೊದಲೇ ತಮ್ಮ ನಿಜವನ್ನು ಹೇಳಿ ಹೋಗಿದ್ದರು.

ಕೆಲಸ ಮಾತ್ರ ನಡೆಯಿತು. ಕುಲುಮೆಯನ್ನು ನಾನೇ ಹಚ್ಚಿದೆ, ಬಾಗಿಲನ್ನು ಮೊದಲು ಒಂದು ಬೆರಳಷ್ಟು, ಆಮೇಲೆ ಎರಡು ಬೆರಳಷ್ಟು ತೆರೆದೆ. ಮೊದಲು ಏನೂ ಬೆರೆಸದ ಬಿಲ್ಲೆಗಳನ್ನೆಲ್ಲ ಮತ್ತೆ ಮಾಡಿದೆ. ಆಮೇಲೆ ಆ ಗಟ್ಟಿಯ ಒಂದು ಮೂಲೆಯನ್ನು ಕೆರೆದು, ತೂಗಿ, ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿದೆ. ಕಳೆದುಹೋಗಿದ್ದ ಬೆಳಗಿನ ಅಂಕಿಗಳು ಒಂದೊಂದಾಗಿ ಹಿಂತಿರುಗಿ ಬಂದವು. ಕಿತ್ತಳೆ ಬಣ್ಣದ ಕಿಂಡಿಯ ಮುಂದೆ ಕೂತು ಎಷ್ಟೋ ಮಧ್ಯಾಹ್ನ ಕಾದೆ. ನೀಲಗಿರಿ ಎಲೆಗಳು ಶೀಟಿನ ಮೇಲೆ ಬಿದ್ದು ಜಾರುವ ಸದ್ದು, ಕುಲುಮೆಯ ಸಣ್ಣ ಗುಂಯ್ ಎನ್ನುವ ಸದ್ದು, ಎರಡೂ ಸೇರಿ ಒಮ್ಮೊಮ್ಮೆ ಹಿಂದೆ ಯಾರೋ ಸ್ಟೂಲಿನ ಮೇಲೆ ಕೂತು ಕೆಮ್ಮಿದಂತೆ ಕೇಳುತ್ತಿತ್ತು. ತಿರುಗಿ ನೋಡುತ್ತಿದ್ದೆ.

ಥೀಸಿಸ್ಸಿನ ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಎಲ್ಲ ಕೇಳಿದ ಮೇಲೆ ಬೂದಿಯ ಅಧ್ಯಾಯ ತೆರೆದರು. ಅದು ಮೊದಲು ಹೇಗೆ ಬೆರೆಯಿತೆಂದು ಅಲ್ಲಿ ನಾನು ಇದ್ದದ್ದು ಇದ್ದ ಹಾಗೆ ಬರೆದಿದ್ದೆ.

"ಒಂದು ಅರ್ಥವಾಗಲಿಲ್ಲ" ಎಂದರು. "ಅದೇ ಫರ್ನೇಸಿನಲ್ಲಿ ಬೇರೆ ವಿದ್ಯಾರ್ಥಿಗಳ ಸ್ಯಾಂಪಲ್ ಕೂಡ ಇದ್ವಲ್ಲ. ಅವಕ್ಕೆ ಯಾಕೆ ಬೆರೀಲಿಲ್ಲ? ನಿಮ್ಮದಕ್ಕೆ ಮಾತ್ರ ಯಾಕೆ?"

"ಗೊತ್ತಿಲ್ಲ ಸರ್" ಅಂದೆ. ಅದು ನಿಜವೂ ಆಗಿತ್ತು. ಸಭೆ ಚಪ್ಪಾಳೆ ತಟ್ಟಿತು. ನಾನು ಡಾಕ್ಟರಾದೆ. ಕೊರಳಿಗೆ ಹಾಕಿದ ಹಾರವನ್ನು ಕುರ್ಚಿಯ ಮೇಲೆ ಬಿಟ್ಟು, ರಟ್ಟಿನ ಪೆಟ್ಟಿಗೆಯಿಂದ ಒಂದು ಹಳೆಯ ಬಟ್ಟಲು ಎತ್ತಿಕೊಂಡು, ಬೇಕರಿಯಲ್ಲಿ ಅರ್ಧ ಕೆಜಿ ಪೇಡ ಕಟ್ಟಿಸಿ, ಹುಣಸಮಾರನಹಳ್ಳಿಯ ಬಸ್ಸು ಹತ್ತಿದೆ.

ಅಜ್ಜ ಕೋಣೆಯ ಮುಂದಿನ ಕಟ್ಟೆಯ ಮೇಲೆ ಕೂತು ಜೋಳ ಕೇರುತ್ತಿದ್ದರು. ಸ್ವಲ್ಪ ಬಡವಾಗಿದ್ದರು, ಹಣೆಯ ಮೇಲೆ ಅದೇ ಮೂರು ಗೆರೆ. ನನ್ನನ್ನು ಕಂಡು ಮೊರ ಬದಿಗಿಟ್ಟು ಎದ್ದರು.

"ಬರ್ರಿ ಬರ್ರಿ ಮೇಡಮ್ಮಾರ, ಕುಂದರ್ರಿ. ಆತೇನ್ರಿ ಪರೀಕ್ಷಾ?"

"ಆಯ್ತು ಅಜ್ಜಾರೇ. ಪಾಸು."

"ಛಲೋ ಆತು, ಛಲೋ ಆತು" ಎಂದು ಎರಡೂ ಕೈ ಜೋಡಿಸಿದರು. ಬಾಗಿಲ ಕಡೆಗೋ ನನಗೋ ಗೊತ್ತಾಗಲಿಲ್ಲ.

ಕ್ಷಮೆ ಕೇಳಬೇಕೆಂದು ಬಸ್ಸಿನಲ್ಲಿ ಹೊಂದಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಬದಲಿಗೆ ಪರೀಕ್ಷಕರ ಪ್ರಶ್ನೆಯನ್ನೇ ಕೇಳಿಬಿಟ್ಟೆ.

"ಅಜ್ಜಾರೇ, ನೀವು ಆ ಹುಡುಗರ ಬಟ್ಟಲಿಗೆ ಹಚ್ತಿರಲಿಲ್ಲ. ನನ್ನದಕ್ಕೆ ಮಾತ್ರ ಯಾಕೆ ಹಚ್ಚಿದ್ರಿ?"

ಅವರು ಪೇಡದ ಪೊಟ್ಟಣದ ದಾರವನ್ನು ಬಿಚ್ಚಿ ಬೆರಳಿಗೆ ಸುತ್ತಿಕೊಂಡರು.

"ಅವ್ರು ಹುಡುಗ್ರು, ಅವ್ರಿಗೇನು. ನೀವು ಅವತ್ತ ಸಿಲಿಂಡರ್ ಹಿಂದ ನಿಂತು ಅಳಾಕತ್ತಿದ್ರಲ್ರಿ ತಂಗಿ, ಬಾಯಾಗ ಸೆರಗ ಇಟ್ಕೊಂಡು. ಏನ್ ಹೇಳ್ಬೇಕೋ ನನಗ ತಿಳೀಲಿಲ್ಲ. ಮರುದಿನದಿಂದ ಹಚ್ಚಿದೆ. ನಿಮ್ಮ ಕೆಲ್ಸ ಲಗೂನ ಆಗ್ಲಿ ಅಂತ."

ನಾನು ಬ್ಯಾಗಿನಿಂದ ಬಟ್ಟಲು ತೆಗೆದು ಅವರ ಕೈಗೆ ಕೊಟ್ಟೆ. ಬಿಸಿಲಿಗೆ ಹಿಡಿದು ತಿರುಗಿಸಿದರು. ಮೂರು ಗೆರೆ ಹೊಳೆಯಿತು. ಹೆಬ್ಬೆರಳನ್ನು ನಾಲಗೆಗೆ ಮುಟ್ಟಿಸಿಕೊಳ್ಳಲು ಹೋದರು. ನಾನು ಬೇಡ ಬೇಡ, ಪಾಷಾಣ ಎಂದು ಕೈ ಹಿಡಿದುಕೊಂಡೆ. ಇಬ್ಬರೂ ನಕ್ಕೆವು. ಆಮೇಲೆ ಬಟ್ಟಲನ್ನು ಕಟ್ಟೆಯ ಮೇಲಿಟ್ಟು, ಇನ್ನೊಂದು ಕೈಯಲ್ಲಿ ಅಂಗಿಯ ತುದಿ ಹಿಡಿದು ಗೆರೆಗಳನ್ನು ಒಮ್ಮೆ ಒರೆಸಿ ನೋಡಿದರು, ಇನ್ನೊಮ್ಮೆ ಗಟ್ಟಿಯಾಗಿ ಒತ್ತಿ ಒರೆಸಿದರು.

"ಹೋಗವಲ್ದು ನೋಡ್ರಿ" ಎಂದರು.

ಅವರ ಕೈಯನ್ನು ನಾನು ಇನ್ನೂ ಹಿಡಿದುಕೊಂಡೇ ಇದ್ದೆ.